ಶ್ರೀಪತಿ ಮೇಷ್ಟ್ರೂ ಸಮಿತಿಗಳೂ

ಶ್ರೀಪತಿ ಮೇಷ್ಟ್ರು ಯಾವ ಸಭೆಯಲ್ಲೂ ಕೈ ಎತ್ತುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಸಿಡ್ನಿಯ ಎಪ್ಪಿಂಗ್‌ನ ಹಾಲ್ ಒಂದರಲ್ಲಿ ನಾವು ಕನ್ನಡದ ಮನೆಯವರು ಸೇರುತ್ತಿದ್ದೆವು. ಯುಗಾದಿಗೆ ಹೋಳಿಗೆಯೋ ಪಾಯಸವೋ ಎಂಬುದನ್ನೂ ಕೈ ಎತ್ತಿಸಿಯೇ ತೀರ್ಮಾನಿಸುವುದು. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದರು. ಯಾವುದು ಮಾಡಿದರೂ ತಿನ್ನುತ್ತಿದ್ದರು.

ಮೈಸೂರಿನವರು. ಇಥಿಯೋಪಿಯದಲ್ಲಿ ಬಹಳ ವರ್ಷ ಗಣಿತ ಕಲಿಸಿ, ಆಮೇಲೆ ಮಗಳ ಹತ್ತಿರ ಬಂದಿದ್ದರು. ಅವರು ಅಲ್ಲಿದ್ದಾಗಲೇ ರಾಜ ಹೋಗಿ ದೆರ್ಗ್ ಬಂತು. ಆ ಮಾತಿಗೆ ಸಮಿತಿ ಎಂದಷ್ಟೇ ಅರ್ಥ, ಸೈನಿಕರ ಸಮಿತಿ. ಇನ್ನು ಮುಂದೆ ಸಮಾಜವಾದ ಎಂದು ಸಾರಿ, ಬಡಾವಣೆಗೊಂದು ಚಿಕ್ಕ ಸಮಿತಿ ಮಾಡಿದರು. ಸಕ್ಕರೆ ಹಂಚುವುದೂ ಅದೇ, ಜನರನ್ನು ಹಿಡಿದುಕೊಂಡು ಹೋಗುವುದೂ ಅದೇ.

ಒಮ್ಮೆ ಕಾರಿನಲ್ಲಿ ಮನೆಗೆ ಬಿಡುವಾಗ, ಕೈ ಯಾಕೆ ಎತ್ತುವುದಿಲ್ಲ ಎಂದು ಕೇಳಿದೆ. ಲೆಕ್ಕ ಬಿಡಿಸಿ ಹೇಳುವ ದನಿಯಲ್ಲೇ ಹೇಳಿದರು. ಶಾಲೆಯ ಮೈದಾನದಲ್ಲಿ ಸಮಿತಿಯವರ ಸಭೆ. ಚರಿತ್ರೆಯ ಮೇಷ್ಟ್ರು ತೆಸ್ಫಾಯೆ ಕ್ರಾಂತಿಯ ಶತ್ರು, ಒಪ್ಪುವವರು ಕೈ ಎತ್ತಿ ಎಂದರಂತೆ.

"ಎಲ್ಲಾ ಎತ್ತಿದ್ರಮ್ಮ. ನಾನು ಎತ್ಲಿಲ್ಲ. ಫಾರಿನರ್ ಅಂತ ಯಾರೂ ನನ್ನ ಕಡೆ ನೋಡ್ಲೂ ಇಲ್ಲ. ಅವನನ್ನ ಕರ್ಕೊಂಡು ಹೋದ್ರು. ಸೋಮವಾರ ಅವನ ಕ್ಲಾಸೂ ನಾನೇ ತಗೊಂಡೆ."

ಆಮೇಲೆ ಕ್ರಿಕೆಟ್ ಸ್ಕೋರ್ ಎಷ್ಟಾಯಿತೆಂದು ವಿಚಾರಿಸಿದರು.

ತೊಂಬತ್ತೊಂದರಲ್ಲಿ ಆ ಸರ್ಕಾರ ಬಿದ್ದ ಸುದ್ದಿಯನ್ನು ಅವರು ನಮ್ಮ ಮನೆಯ ಟೀವಿಯಲ್ಲೇ ನೋಡಿದರು. "ಆಯ್ತು, ಇನ್ನೊಂದು ಸಮಿತಿ ಬರುತ್ತೆ" ಎಂದು ಕಾಫಿ ಲೋಟ ಕೆಳಗಿಟ್ಟರು. ಅಷ್ಟೇ.

ಕೆಲವು ವರ್ಷಗಳ ಮೇಲೆ ಮಗಳ ಕೆಲಸದಿಂದಾಗಿ ಅವರೆಲ್ಲ ಮೆಲ್ಬರ್ನ್‌ಗೆ ಹೋದರು. ನಾನು ಆಫೀಸ್ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಮೇಷ್ಟ್ರು ನನ್ನನ್ನು ಫುಟ್ಸ್‌ಕ್ರೇಯ ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋದರು. ನಡೆಸುತ್ತಿದ್ದವಳು ಅಲ್ಮಾಜ್, ಇಥಿಯೋಪಿಯದವಳು. ಮಾತಿಗೆ ಮಾತು ಬಂದು, ಇವರು ಯಾವ ಊರಿನ ಶಾಲೆಯಲ್ಲಿದ್ದರೆಂದು ತಿಳಿದಾಗ ಅವಳು ಕೂತುಬಿಟ್ಟಳು. ತೆಸ್ಫಾಯೆಯ ತಂಗಿ. ಅಣ್ಣನ ಹೆಣ ಕೂಡ ಮನೆಗೆ ಬಂದಿರಲಿಲ್ಲ.

ಅಂದು ಯಾರು ಯಾರು ಕೈ ಎತ್ತಿದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎಲ್ಲರೂ ಎಂದರು ಮೇಷ್ಟ್ರು.

"ನೀವೂ?"

ಮೇಷ್ಟ್ರು ಅವಳನ್ನೇ ನೋಡಿದರು. "ಹೌದು, ನಾನೂ."

ಅವಳು ಕೂಗಾಡಲಿಲ್ಲ. ಅವರ ಕಪ್ಪನ್ನು ಅರ್ಧ ಕಾಫಿ ಇದ್ದಂತೆಯೇ ಎತ್ತಿಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾವು ಎದ್ದೆವು.

ಸ್ಟೇಷನ್‌ವರೆಗೂ ನಡೆದೆವು. ಸುಳ್ಳು ಯಾಕೆ ಹೇಳಿದಿರಿ ಎಂದು ಪ್ಲಾಟ್‌ಫಾರ್ಮಿನಲ್ಲಿ ಕೇಳಿದೆ.

"ಇಷ್ಟು ವರ್ಷ ಅವಳ ಕೈಗೆ ಒಬ್ಬನೂ ಸಿಕ್ಕಿರ್ಲಿಲ್ಲಮ್ಮ" ಎಂದರು. ರೈಲು ಬಂತು. ನನ್ನನ್ನು ಹತ್ತಿಸಿ, ಕಿಟಕಿಯ ಹೊರಗೆ ನಿಂತು, ಸಿಟಿಯಲ್ಲಿ ಇಳಿಯುವುದು ಮರೆಯಬೇಡ ಎಂದು ಸನ್ನೆ ಮಾಡಿದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಚಳಿಗಾಲದಲ್ಲಿ ಅವರ ಮಗಳು ಒಂದು ಬೆಳಿಗ್ಗೆ ಫೋನ್ ಮಾಡಿ, ಅಪ್ಪ ಹೋದರು ಎಂದಳು. ಸರಿ ಎಂದೆ. ಅಳು ಬರಲಿಲ್ಲ. ಸ್ಕೂಲಿಗೆ ಹೊತ್ತಾಗಿತ್ತು, ನನ್ನ ಮಗಳ ಜಡೆ ಅರ್ಧಕ್ಕೆ ನಿಂತಿತ್ತು, ಹೆಣೆದು ಮುಗಿಸಿದೆ.