ಪರ್ಸೆಂಟ್ ಭಾವನ ಕಾರು, ಅಕ್ಕನ ಲೈಸೆನ್ಸು

ಆ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಅವಳು ಹದಿನಾರು ವರ್ಷ ದುಡಿದಿದ್ದಳು. ಹಾಸಿಗೆಯ ಚಾದರ, ಡಾಕ್ಟರರ ಬಿಳಿ ಕೋಟು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಯಾವುದೇ ಬರಲಿ, ಕಲೆಯನ್ನು ದೂರದಿಂದ ನೋಡಿಯೇ ಇದು ಔಷಧಿ, ಇದು ರಕ್ತ, ಇದು ಯಾರೋ ಡಾಕ್ಟರು ಕಾಫಿ ಚೆಲ್ಲಿಕೊಂಡು ಔಷಧಿ ಎಂದು ಸುಳ್ಳು ಹೇಳುತ್ತಿರುವುದು ಎಂದು ವಿಂಗಡಿಸುತ್ತಿದ್ದಳು. ಊರು ಬಿಟ್ಟು ಆ ಸೆಕೆಯ ನಗರಕ್ಕೆ ಬಂದಾಗ ಅವಳಿಗೆ ಅಲ್ಲಿಯ ಭಾಷೆಯ ಒಂದಕ್ಷರವೂ ಬಾರದು. ಬಟ್ಟೆಗಳ ಕಾಲರಿನೊಳಗೆ ಹೊಲಿದಿರುವ ಚೀಟಿಗಳನ್ನು ಓದಿ ಓದಿಯೇ ಅಕ್ಷರ ಕಲಿತಳು. ಹೀಗಾಗಿ ‘ನಮಸ್ಕಾರ’, ‘ಚೆನ್ನಾಗಿದ್ದೀರಾ’ ಬರುವ ಎಷ್ಟೋ ಮೊದಲೇ ಅವಳಿಗೆ ‘ತಣ್ಣೀರಲ್ಲಿ ನೆನೆಸಿ’, ‘ಹಿಂಡಬೇಡಿ’ ಬರುತ್ತಿತ್ತು. ಅಲ್ಲಿನ ನಾಲ್ಕಾರು ಕನ್ನಡದ ಮನೆಗಳವರು ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೇನೂ ಬೇಸರವಿರಲಿಲ್ಲ.

ಗಂಡನಿಗೂ ಒಂದು ಹೆಸರು ಬಿದ್ದಿತ್ತು. ಇಟ್ಟವನು ಅವಳ ತಮ್ಮ, ಅದೇ ನಗರದ ಶಾಲೆಯೊಂದರ ಅಡುಗೆಮನೆಯಲ್ಲಿ ಅಡುಗೆಯವನು. ಮೂರು ವರ್ಷದ ಕೆಳಗೆ ಭಾವ ಒಂದು ಪುಟ್ಟ ಎಲೆಕ್ಟ್ರಿಕ್ ಕಾರನ್ನು ಇನ್ನೊಬ್ಬರ ಕೈಯಿಂದ ಕೊಂಡರು. ಅಂದಿನಿಂದ ಅವರಿಗೆ ಜಗತ್ತಿನಲ್ಲಿ ಒಂದೇ ಚಿಂತೆ, ಬ್ಯಾಟರಿಯಲ್ಲಿ ಎಷ್ಟು ಪರ್ಸೆಂಟ್ ಉಳಿದಿದೆ ಎಂಬುದು. ಪೇಟೆ ಎಷ್ಟು ದೂರ ಎಂದು ಕೇಳಿದರೆ “ಹೋಗೋಕೆ ನಾಲ್ಕು, ಬರೋಕೆ ಮೂರು” ಎನ್ನುತ್ತಿದ್ದರು. ಹೋಗುವಾಗ ಏರು ರಸ್ತೆಯಂತೆ. ತಮ್ಮ ಫೋನು ಮಾಡಿದಾಗಲೆಲ್ಲ ಭಾವನ ಆರೋಗ್ಯ ವಿಚಾರಿಸುವುದನ್ನು ಬಿಟ್ಟು “ಭಾವ, ಇವತ್ತು ಎಷ್ಟಿದೆ?” ಎಂದು ಶುರುಮಾಡುತ್ತಿದ್ದ. ಗೇಲಿ ಎಂದು ಗೊತ್ತಾಗದೆ ಭಾವ ದಶಾಂಶದ ಸಮೇತ ಉತ್ತರ ಕೊಡುತ್ತಿದ್ದರು. ಹಾಗೆ ಅವರು ಪರ್ಸೆಂಟ್ ಭಾವ ಆದರು.

ವೃತ್ತಿಯಿಂದ ಅವರು ಎ.ಸಿ. ಮೆಕ್ಯಾನಿಕ್. ನಗರದ ಅರ್ಧ ಕಚೇರಿಗಳನ್ನು ತಂಪಾಗಿಟ್ಟ ಮನುಷ್ಯ ತನ್ನ ಕಾರಿನಲ್ಲಿ ಮಾತ್ರ ಎ.ಸಿ. ಹಾಕಗೊಡುತ್ತಿರಲಿಲ್ಲ. ಅದು ಚಾರ್ಜು ತಿನ್ನುತ್ತದೆ. ಮದುವೆಮನೆಗೆ ಹೊರಟ ಹೆಂಡತಿ ಅಲ್ಲಿ ಇಳಿಯುವ ಹೊತ್ತಿಗೆ ತಾನು ದಿನವೂ ಯಂತ್ರದಿಂದ ಹೊರತೆಗೆಯುವ ಚಾದರದಂತೆಯೇ ಇರುತ್ತಿದ್ದಳು. ಆದರೂ ಸುಮ್ಮನಿದ್ದಳು. ಒಂದೊಂದು ಗಂಡಸಿಗೆ ಒಂದೊಂದು ಹುಚ್ಚು, ಇದರಲ್ಲಿ ಕುಡಿತವಿಲ್ಲ, ಇಸ್ಪೀಟಿಲ್ಲ ಎಂಬುದು ಅವಳ ಸಮಾಧಾನ. ನಮ್ಮಂಥವರ ಹೆಂಡಂದಿರೆಲ್ಲ ಇಂಥದೇ ಒಂದು ಸಮಾಧಾನ ಹುಡುಕಿಕೊಂಡು ದಿನ ದೂಡುತ್ತಿದ್ದಾರೆ.

ಹೀಗಿರುವಾಗ ಆಸ್ಪತ್ರೆಯವರು ಕೊಲ್ಲಿಯ ಆಚೆ ದಡದಲ್ಲಿ ಹೊಸ ಕಟ್ಟಡ ಕಟ್ಟಿದರು. ಅಲ್ಲಿನ ಬಟ್ಟೆ ವಿಭಾಗಕ್ಕೆ ಒಬ್ಬ ಮುಖ್ಯಸ್ಥೆ ಬೇಕಾಯಿತು. ಮ್ಯಾನೇಜರು ಅವಳನ್ನು ಕರೆದು, ಕೆಲಸ ನಿನ್ನದೇ, ಆದರೆ ಬೆಳಿಗ್ಗೆ ಐದೂವರೆಗೆ ಬೀಗ ತೆಗೆಯಬೇಕು, ಆ ಕಡೆಗೆ ಮೊದಲ ಬಸ್ಸು ಬರುವುದೇ ಆರೂ ಹತ್ತಕ್ಕೆ, ಹೇಗೆ ಬರುತ್ತೀ ಎಂದು ಕೇಳಿದರು. ಹಿಂದೆ ಹಳೆಯ ಕಟ್ಟಡದಲ್ಲಿ ಹೀಗೇ ಒಬ್ಬರನ್ನು ನಂಬಿ, ವಾರಕ್ಕೆರಡು ದಿನ ಆಪರೇಷನ್ನುಗಳು ತಡವಾಗಿ ಮ್ಯಾನೇಜರು ಬುದ್ಧಿ ಕಲಿತಿದ್ದರು. ಗಂಡ ಬಿಡುತ್ತಾರೆ ಎಂದಳು. ಅದಾದ ನಾಲ್ಕನೆಯ ದಿನ ಗಂಡನ ಎಡಗಣ್ಣಿನ ಒಳಪರದೆ ಕಳಚಿಕೊಂಡು, ಆಪರೇಷನ್ ಆಗಿ, ಮೂರು ತಿಂಗಳು ಸ್ಟಿಯರಿಂಗ್ ಮುಟ್ಟಬಾರದು ಎಂದು ಡಾಕ್ಟರು ಹೇಳಿದರು. ತಮ್ಮನ ಸ್ಕೂಟರು ಆ ಹೊತ್ತಿಗೆ ಶಾಲೆಯ ದಾರಿ ಹಿಡಿದಿರುತ್ತಿತ್ತು. ದಿನವೂ ಟ್ಯಾಕ್ಸಿ ಹಿಡಿದರೆ ಸಂಬಳ ತೆಗೆದುಕೊಳ್ಳಲು ಟ್ಯಾಕ್ಸಿಯವನೇ ಬರಬಹುದಿತ್ತು.

ಅವಳು ಮತ್ತೆ ಮ್ಯಾನೇಜರ ಮುಂದೆ ನಿಂತು, ನಾನೇ ಕಾರು ಓಡಿಸಿಕೊಂಡು ಬರುತ್ತೇನೆ ಎಂದಳು. ಬರುತ್ತದೆಯೇ ಎಂದು ಅವರು ಕೇಳಿದರು. ಇನ್ನು ಕಲಿಯಬೇಕು ಎಂದಳು. ಅವರು ಕ್ಯಾಲೆಂಡರು ನೋಡಿ, ಬರುವ ತಿಂಗಳ ಕೊನೆಯ ದಿನ ಸಂಜೆ ನಾಲ್ಕರೊಳಗೆ ಲೈಸೆನ್ಸಿನ ಪ್ರತಿ ಮೇಜಿನ ಮೇಲಿದ್ದರೆ ಕೆಲಸ ಅವಳದು, ಇಲ್ಲದಿದ್ದರೆ ಪಟ್ಟಿಯಲ್ಲಿ ಎರಡನೆಯವರದು ಎಂದರು. ಅವಳಿಗೆ ಐವತ್ತೊಂದು ವರ್ಷ. ಸೈಕಲ್ಲನ್ನೂ ಹತ್ತಿದವಳಲ್ಲ.

ಕಲಿಯುವವರ ಪಕ್ಕದಲ್ಲಿ ಲೈಸೆನ್ಸು ಇರುವವರೊಬ್ಬರು ಕೂತಿರಬೇಕು ಎಂಬುದು ಅಲ್ಲಿಯ ಕಾಯಿದೆ. ಒಂದು ಕಣ್ಣಿನವರು ಕೂರಬಹುದೇ ಎಂದು ಡಾಕ್ಟರನ್ನು ಕೇಳಿದಾಗ, ಧಾರಾಳವಾಗಿ ಕೂರಲಿ, ಕಣ್ಣಿಗೆ ಕುಲುಕಾಟ ಆಗದಿದ್ದರೆ ಸಾಕು ಎಂದರು. ಬಾಯಿ ಮುಚ್ಚಿಕೊಂಡು ಕೂರಲಿ ಎಂದು ಹೇಳಲು ಮರೆತರು.

ಪರ್ಸೆಂಟ್ ಭಾವ ಮನಸ್ಸಿಟ್ಟು ಕಲಿಸಿದರು. ಭಾನುವಾರ ಗೋದಾಮುಗಳ ಬೀದಿ ಖಾಲಿ ಇರುತ್ತಿತ್ತು, ಮೊದಲ ಸಲ ತಮ್ಮನಿಂದ ಕಾರು ಓಡಿಸಿ ಅಲ್ಲಿಗೆ ಕರೆದೊಯ್ದರು. ಬೆಳಿಗ್ಗೆ ಕಾರಿನ ಚಾರ್ಜಿನ ಸರದಿ ಮುಗಿದ ಮೇಲೆ, ತಮ್ಮ ಮನೆಯಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ಹಾಕಿ ನಿಲ್ಲಿಸುವುದನ್ನು ಹೇಳಿಕೊಟ್ಟರು. ಆಕೆ ಚಾದರದ ನಾಲ್ಕು ಮೂಲೆ ಹೊಂದಿಸುವಷ್ಟೇ ಸಲೀಸಾಗಿ ಅದನ್ನು ಕಲಿತಳು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಮೂರು ವರ್ಷದ ತಪಸ್ಸಿನ ಫಲವನ್ನು ಧಾರೆ ಎರೆದರು. ಈ ಕಾರಿನಲ್ಲಿ ಕಾಲು ಎತ್ತಿದರೆ ಸಾಕು, ತಾನೇ ನಿಧಾನವಾಗಿ ತಾನೇ ನಿಲ್ಲುತ್ತದೆ, ನಿಲ್ಲುತ್ತ ನಿಲ್ಲುತ್ತ ಬ್ಯಾಟರಿಗೆ ಒಂದಿಷ್ಟು ಚಾರ್ಜೂ ವಾಪಸು ಕೊಡುತ್ತದೆ. ಬ್ರೇಕು ಒತ್ತಿದರೆ ಅಷ್ಟೂ ದಂಡ. ಬ್ರೇಕೆಂದರೆ ರೈಲಿನ ಅಪಾಯದ ಸರಪಳಿ ಇದ್ದ ಹಾಗೆ, ಇದೆ ಎಂದು ಗೊತ್ತಿದ್ದರೆ ಸಾಕು, ಎಳೆಯಬಾರದು. ಅವಳ ಕಾಲು ಅತ್ತ ಸರಿದಾಗಲೆಲ್ಲ ಅವರು “ಹೋಯ್ತು, ಅರ್ಧ ಪರ್ಸೆಂಟ್ ಹೋಯ್ತು” ಎಂದು ಹಲುಬುತ್ತಿದ್ದರು. ಮೂರು ವಾರದಲ್ಲಿ ಅವಳ ಬಲಗಾಲು ಬ್ರೇಕನ್ನು ಮರೆತೇಬಿಟ್ಟಿತು.

ಪರೀಕ್ಷೆ ಕೊಡಬೇಕಾದದ್ದು ಸ್ವಂತ ಕಾರಿನಲ್ಲಲ್ಲ. ಪರೀಕ್ಷಿಸುವವರ ಕಾಲಬುಡದಲ್ಲೂ ಇನ್ನೊಂದು ಬ್ರೇಕು ಇರುವ, ಪರೀಕ್ಷೆಯ ಮೈದಾನದವರದೇ ಹಳೆಯ ಪೆಟ್ರೋಲ್ ಕಾರುಗಳಲ್ಲಿ. ಗೇರು ತಾನೇ ಬದಲಾಗುವ ಕಾರು, ಆದ್ದರಿಂದ ಕಷ್ಟವೇನಿಲ್ಲ ಎಂದು ಭಾವ ಧೈರ್ಯ ಹೇಳಿದ್ದರು. ಮೊದಲ ಸಲ ಅವಳು ಹಿಂದಕ್ಕೆ ಹಾಕುವುದನ್ನು, ತಿರುವನ್ನು ಚೊಕ್ಕವಾಗಿ ಮುಗಿಸಿ, ನಿಲ್ಲುವ ಬಿಳಿಗೆರೆಯ ಹತ್ತಿರ ಬಂದು ಕಾಲು ಎತ್ತಿದಳು. ಕಾರು ನಿಲ್ಲಲಿಲ್ಲ. ದಾರಿ ತಪ್ಪಿದ ಎಮ್ಮೆಯಂತೆ ಯಾವ ಗಡಿಬಿಡಿಯೂ ಇಲ್ಲದೆ ಗೆರೆ ದಾಟಿ, ಆಚೆ ಗುರುತಿಗೆ ಇಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೋಪಿಯನ್ನು ಕೆಡವಿತು. ಫೇಲು.

ಮನೆಗೆ ಬಂದ ಮೇಲೆ ಭಾವ ವಿಚಾರಣೆ ನಡೆಸಿ, ಅವಳ ಕಾಲು ತಡ, ಇನ್ನೂ ಮೊದಲೇ ಎತ್ತಬೇಕಿತ್ತು ಎಂದು ತೀರ್ಪು ಕೊಟ್ಟರು. ಎರಡನೆಯ ಸಲ ಅವಳು ಹತ್ತು ಮಾರು ದೂರದಲ್ಲೇ ಎತ್ತಿದಳು. ಕಾರು ಇನ್ನಷ್ಟು ಗಾಂಭೀರ್ಯದಿಂದ ತೆವಳುತ್ತ ಬಂದು ಅದೇ ಗೆರೆಯನ್ನು ದಾಟಿತು. ಈ ಸಲ ಟೋಪಿ ಉಳಿದದ್ದು ಪರೀಕ್ಷಕಿ ತನ್ನ ಬ್ರೇಕನ್ನು ತುಳಿದದ್ದರಿಂದ.

ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದ ದಪ್ಪ ಹೆಂಗಸು ಅವರು. ಫೇಲಾದವರು ಅಳುವುದನ್ನು, ಜಗಳ ತೆಗೆಯುವುದನ್ನು ನೋಡಿ ನೋಡಿ ಸುಸ್ತಾಗಿದ್ದವರು. ಇವಳು ಎರಡನ್ನೂ ಮಾಡದೆ, ನನ್ನ ತಪ್ಪೇನು ತಿಳಿಸಿ ಎಂದು ಕೇಳಿದಾಗ ಪೆನ್ಸಿಲು ಕೈಗೆ ತೆಗೆದುಕೊಂಡರು.

“ಎರಡೂ ಸಲ ನೋಡಿದೆ ಕಣಮ್ಮ. ನೀವು ಬ್ರೇಕನ್ನೇ ಮುಟ್ಟಲ್ಲ. ಕಾಲು ಎತ್ಕೊಂಡು, ಬಸ್ಸಿಗೆ ಕಾಯೋರ ಥರ ಸುಮ್ನೆ ಕೂತಿರ್ತೀರಿ. ಕಾರು ತಾನೇ ನಿಲ್ಲುತ್ತೆ ಅಂತ ಯಾರು ಹೇಳಿದ್ದು?”

ಯಾರು ಹೇಳಿದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದವರು ಬೇಲಿಯಾಚೆ ಕಪ್ಪು ಕನ್ನಡಕ ಹಾಕಿಕೊಂಡು, ಮರದ ನೆರಳಿನಲ್ಲಿ ನಿಂತು, ಪಾಸಾಯಿತೇ ಎಂದು ಕೈಸನ್ನೆ ಮಾಡುತ್ತಿದ್ದರು.

ಇಬ್ಬರೂ ಬಸ್ಸು ಹತ್ತಿದರು. ಭಾವ ಮೈದಾನದವರ ಕಾರು ಓಬೀರಾಯನ ಕಾಲದ್ದು ಎಂದರು, ಪರೀಕ್ಷಕಿಗೆ ಹೊರಗಿನವರನ್ನು ಕಂಡರೆ ಆಗದು ಎಂದರು, ಅವರ ಪೆನ್ಸಿಲನ್ನೂ ಬಿಡಲಿಲ್ಲ. ಮನೆಯ ಕಟ್ಟಡ ತಲುಪಿದ್ದೇ ಅವಳು ಲಿಫ್ಟಿಗೆ ಹೋಗದೆ ಮೆಟ್ಟಿಲಿಳಿದು ನೆಲಮಾಳಿಗೆಗೆ ನಡೆದಳು. ಕಾರಿನ ಬಾಗಿಲು ತೆಗೆದು ಕೂತು ಸ್ಟಿಯರಿಂಗ್ ಪಕ್ಕದ ಪರದೆಯನ್ನು ಮುಟ್ಟಿದಳು. ಕಾರು ಕೊಂಡ ದಿನದಿಂದ ಪರದೆಯಲ್ಲಿದ್ದದ್ದು ಅಲ್ಲಿಯ ಭಾಷೆ. ಅದನ್ನು ಓದಲು ಬಾರದ ಭಾವ ಅಂಕಿಗಳನ್ನಷ್ಟೇ ನೋಡುತ್ತಿದ್ದರು. ಅವಳು ಒಂದೊಂದೇ ಪುಟ ತೆಗೆದು, ಬಟ್ಟೆಯ ಚೀಟಿ ಓದಿದಂತೆ ತುಟಿಯಲ್ಲೇ ಓದಿಕೊಂಡಳು. ಸೀಟು, ಕನ್ನಡಿ, ದೀಪ. ಏಳನೆಯ ಪುಟದಲ್ಲಿ ಸಿಕ್ಕಿತು. ‘ಕಾಲು ತೆಗೆದಾಗ: ನಿಲ್ಲಲಿ’ ಎಂಬುದರ ಮುಂದೆ ಹಸಿರು ಚುಕ್ಕೆ. ಅದರ ಕೆಳಗೆ ‘ಕಾಲು ತೆಗೆದಾಗ: ತೆವಳಲಿ’. ಹಸಿರು ಚುಕ್ಕೆಯನ್ನು ಕೆಳಗಿನದಕ್ಕೆ ಇಳಿಸಿದಳು.

ಹಿಂದೆಯೇ ಇಳಿದುಬಂದಿದ್ದ ಭಾವ ಕಿಟಕಿಯಿಂದ ಇಣುಕಿ, ಏನು ಮಾಡಿದೆ ಎಂದರು. ಹೇಳಿದಳು. ಅವರ ಮುಖ ಬಾಡಿತು.

“ಅಲ್ವೇ, ಹಾಗೆ ಓಡಿಸಿದ್ರೆ ಒಂದು ಚಾರ್ಜಿಗೆ ಹತ್ತು ಪರ್ಸೆಂಟ್ ದಂಡ ಆಗುತ್ತೆ.”

“ಆಗ್ಲಿ ರೀ.”

“ಮೂರು ವರ್ಷದಿಂದ ಬ್ರೇಕು ಸವೆದಿಲ್ಲ ಕಣೆ. ಸರ್ವಿಸಿನವನೇ ಹೊಗಳಿದ್ದಾನೆ.”

“ಅವನು ಹೊಗಳಿದ್ದು ಬ್ರೇಕನ್ನ. ನನ್ನ ಕಾಲು ಎರಡು ಸಲ ಫೇಲಾಯ್ತು. ಹದಿನಾರು ವರ್ಷ ಆ ನೆಲಮಾಳಿಗೇಲಿ ಬೇರೆಯವರ ಕೈ ಕೆಳಗೆ ನಿಂತಿದ್ದೀನಿ. ನಿಮ್ಮ ಹತ್ತು ಪರ್ಸೆಂಟಿಗೆ ಇನ್ನು ನಿಲ್ಲಲ್ಲ. ಹತ್ತಿ, ಪಕ್ಕದಲ್ಲಿ ಕೂತ್ಕೊಳಿ.”

ದನಿ ಏರಿರಲಿಲ್ಲ. ಮಾತು ಮುಗಿಸಿ ಸೀಟು ಬೆಲ್ಟು ಹಾಕಿಕೊಂಡಳು. ಭಾವ ಕಾರನ್ನು ಒಂದು ಸುತ್ತು ಹಾಕಿ ಬಂದು ಪಕ್ಕದಲ್ಲಿ ಕೂತರು. ಒಂಟಿ ಕಣ್ಣಿನಿಂದ ಪರದೆಯ ಅಂಕಿಯನ್ನು ನೋಡಿದರು.

“ನಾನು ಬ್ಯಾಟರಿಗೆ ಡ್ರೈವಿಂಗ್ ಹೇಳ್ಕೊಟ್ಟಿದ್ದೀನಿ ಅನ್ಸುತ್ತೆ,” ಎಂದರು. “ನಿನಗಲ್ಲ.”

ಮೂರನೆಯ ಪರೀಕ್ಷೆಗೆ ಸಿಕ್ಕ ದಿನ ತಿಂಗಳ ಕೊನೆಯ ದಿನವೇ. ನಡುವೆ ಒಂಬತ್ತು ದಿನ. ಮಧ್ಯಾಹ್ನದ ಪಾಳಿ ಬದಲಾಯಿಸಿಕೊಂಡು ಅವಳು ದಿನವೂ ಗೋದಾಮಿನ ಬೀದಿಗೆ ಹೋದಳು. ಮನೆಯ ನೀಲಿ ಬಕೆಟನ್ನು ರಸ್ತೆಯ ಬದಿಯಲ್ಲಿಟ್ಟು ಅದರ ಸರಿಸಮಕ್ಕೆ ಕಾರಿನ ಮೂತಿ ನಿಲ್ಲಿಸುವ ಅಭ್ಯಾಸ. ಮೊದಲ ದಿನ ಬ್ರೇಕು ತುಳಿದ ರಭಸಕ್ಕೆ ಭಾವನ ಕನ್ನಡಕ ಹಾರಿ ಕಾಲಬುಡಕ್ಕೆ ಬಿತ್ತು. ಅವರು ಎರಡೂ ಕೈಯಿಂದ ಎಡಗಣ್ಣು ಮುಚ್ಚಿಕೊಂಡರು. ಅವಳು ಆ ಕೈಗಳನ್ನು ಸರಿಸಿ ಕಣ್ಣು ನೋಡಿದಳು. ಆಮೇಲೆ ಆಕೆ ತುಳಿದದ್ದೆಲ್ಲ ಆ ಕಣ್ಣನ್ನು ನೆನೆದುಕೊಂಡೇ. ಪಕ್ಕದಲ್ಲಿ ಹೊಲಿಗೆ ಹಾಕಿದ ಕಣ್ಣೊಂದು ಕೂತಿದೆ, ಅದು ಕುಲುಕಬಾರದು, ಕಾರು ಮಾತ್ರ ನಿಲ್ಲಬೇಕು. ಮೊದಮೊದಲು ಭಾವನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ನೆಲ ಒತ್ತುತ್ತಿತ್ತು. ಆರನೆಯ ದಿನ ಒತ್ತುವುದನ್ನು ನಿಲ್ಲಿಸಿತು. ಎಂಟನೆಯ ದಿನ ಅವರು ತೂಕಡಿಸಿದರು. ಇಷ್ಟು ವರ್ಷದಲ್ಲಿ ಅವರಿಂದ ಬಂದ ದೊಡ್ಡ ಮೆಚ್ಚುಗೆ ಅದೇ ಎಂದು ಅವಳಿಗೆ ಅನ್ನಿಸಿತು.

ಅತ್ತ ತಮ್ಮ ಫೋನಿನಲ್ಲಿ ಎಂದಿನಂತೆ, ಎಷ್ಟಿದೆ ಭಾವ ಎಂದು ಕೇಳಿದರೆ, “ನೋಡಿಲ್ಲ ಕಣಯ್ಯ” ಎಂಬ ಉತ್ತರ ಬಂತು. ಭಾವನಿಗೆ ಇನ್ನೊಂದು ಕಣ್ಣೂ ಹೋಯಿತೇನೋ ಎಂದು ಗಾಬರಿಯಾಗಿ ಅವನು ಸಂಜೆಯೇ ಮನೆಗೆ ಬಂದು ನೋಡಿಕೊಂಡು ಹೋದ.

ಪರೀಕ್ಷೆಯ ಬೆಳಿಗ್ಗೆ ಆ ಊರಿನ ಮಳೆ ಒಂದು ಗಂಟೆ ಸುರಿದು ನಿಂತಿತು. ಮೈದಾನದಲ್ಲಿ ಅಲ್ಲಲ್ಲಿ ನೀರು. ಅದೇ ಹಳೆಯ ಕಾರು, ಅದೇ ಪೆನ್ಸಿಲು. ಹಿಂದಕ್ಕೆ ಹಾಕುವುದು ಮುಗಿಯಿತು, ತಿರುವು ಮುಗಿಯಿತು. ಕೊನೆಯ ನೇರ ದಾರಿಗೆ ಬಂದಾಗ ನೋಡಿದರೆ ನಿಲ್ಲುವ ಗೆರೆ ಇದ್ದ ಜಾಗದಲ್ಲಿ ಕೆಂಪು ನೀರಿನ ಹೊಂಡ. ಗೆರೆ ಅದರಡಿಯಲ್ಲಿ. ಮುಂದೆ ಹೋದವರಲ್ಲಿ ಇಬ್ಬರು ಅದನ್ನು ದಾಟಿ ಫೇಲಾಗಿದ್ದರು, ಒಬ್ಬ ಮೂರು ಮಾರು ಹಿಂದೆಯೇ ನಿಂತು ಫೇಲಾಗಿದ್ದ. ಅವಳು ಕಾಲು ಎತ್ತಿದಳು. ಕಾರು ತೆವಳತೊಡಗಿತು. ಕಾಲನ್ನು ಸರಿಸಿ, ಪಕ್ಕದಲ್ಲಿ ಕೂತವರ ಎಡಗಣ್ಣಿಗೆ ಹೊಲಿಗೆ ಹಾಕಿದೆ ಎಂಬಂತೆ ಒತ್ತಿದಳು. ಹೊಂಡದ ನೀರು ಅಲುಗುವ ಮೊದಲೇ ಕಾರು ನಿಂತಿತು.

ಪರೀಕ್ಷಕಿ ಬಾಗಿಲು ತೆಗೆದು ಇಳಿದು, ಬಗ್ಗಿ, ನೀರಿನೊಳಕ್ಕೆ ಪೆನ್ಸಿಲು ಇಳಿಸಿ ಗೆರೆ ಹುಡುಕಿದರು. ಕಾರಿನ ಮೂತಿಯಿಂದ ಒಂದು ಗೇಣು ಮುಂದಿತ್ತು.

“ಗೆರೆ ಕಾಣಿಸ್ತಾ?”

“ಇಲ್ಲ ಮೇಡಂ. ಆದ್ರೆ ಈ ಜಾಗ ಗೊತ್ತು. ಎರಡು ಸಲ ದಾಟಿದ್ದೀನಲ್ಲ.”

ಅವರು ನಕ್ಕರು. ಒದ್ದೆ ಪೆನ್ಸಿಲಿನಿಂದ ಬರೆಯಲಾಗದೆ ಅವಳ ಹತ್ತಿರವೇ ಪೆನ್ನು ಇಸಿದುಕೊಂಡು ಸಹಿ ಹಾಕಿದರು.

ಬೇಲಿಯಾಚೆಯಿಂದ ಓಡಿಬಂದ ಭಾವ ಒಂದು ಫೋಟೋ ತೆಗೆಯುತ್ತೇನೆ, ಕಾರಿನ ಮುಂದೆ ನಿಲ್ಲು ಎಂದರು. ಅವಳು ಆಗಲೇ ಮುದ್ರೆ ಒತ್ತುವ ಕೌಂಟರಿನ ಸಾಲಿನಲ್ಲಿದ್ದಳು. ಅವಳ ಮುಂದೆ ಇಪ್ಪತ್ತು ಜನ, ಕೌಂಟರು ಮುಚ್ಚುವುದು ಒಂದು ಗಂಟೆಗೆ. ಫೋಟೋ ಓಡಿಹೋಗುವುದಿಲ್ಲ ಎಂದಳು. ಒಂದಕ್ಕೆ ಐದು ನಿಮಿಷವಿದ್ದಾಗ ಮುದ್ರೆ ಬಿತ್ತು. ಎರಡು ಪ್ರತಿ ಮಾಡಿಸಿ, ಬಸ್ಸು ಹಿಡಿದು, ಮೂರೂ ಇಪ್ಪತ್ತಕ್ಕೆ ಮ್ಯಾನೇಜರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ತಾರೀಖು ನೋಡಿ, ಇವತ್ತಿನದು ಎಂದು ಹುಬ್ಬೇರಿಸಿದರು. ಇವತ್ತೇ ಅಲ್ಲವೇ ನೀವು ಕೇಳಿದ್ದು ಎಂದಳು. ಅವರು ಡ್ರಾಯರಿನಿಂದ ಬೀಗದ ಕೈ ಗೊಂಚಲನ್ನು ತೆಗೆದು ಅವಳತ್ತ ಸರಿಸಿದರು.

ಮರುದಿನ ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಅವಳು ಹೊಸ ಕಟ್ಟಡದ ಹಿಂಬಾಗಿಲಿನ ಹತ್ತಿರ ಕಾರು ನಿಲ್ಲಿಸಿದಳು. ಪಕ್ಕದ ಸೀಟು ಖಾಲಿ. ಬೀಗದ ಕೈ ಗೊಂಚಲು ಹಿಡಿದು ಇಳಿದಳು. ಮೆಟ್ಟಿಲ ಮೇಲೆ ಕೆಲಸದ ಆರು ಹೆಂಗಸರು ಆಕಳಿಸುತ್ತ ಕಾದಿದ್ದರು. ಆ ಕಟ್ಟಡದ ಹಿಂದಿನ ಗಲ್ಲಿಯಲ್ಲೇ ಮನೆ ಮಾಡಿಕೊಂಡವರು. ಬೀಗ ತೆಗೆದಳು, ದೀಪ ಹಾಕಿದಳು, ಯಾರು ಯಾವ ಯಂತ್ರದ ಮುಂದೆ ಎಂದು ಹೇಳಿದಳು. ಆರೂ ಹತ್ತರ ಮೊದಲ ಬಸ್ಸು ಹೊರಗೆ ಬಂದು ನಿಲ್ಲುವ ಹೊತ್ತಿಗೆ ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ಮೊದಲ ಕಂತು ಒಗೆದು ಮುಗಿದು, ಒಣಗಿಸುವ ಯಂತ್ರದಲ್ಲಿ ಸುತ್ತುತ್ತಿತ್ತು.