ಮೂರು ಗೇಣು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳು ಎಂದೋ ಮಾಗಿ ಗಟ್ಟಿಯಾಗಿ, ಅಲ್ಲೊಂದು ಸಣ್ಣ ಕಾಲುವೆ ಉಳಿದಿತ್ತು. ತಂತಿಯನ್ನು ಆ ಸೀಳಿನಲ್ಲಿ ಕೂರಿಸಿ ಒತ್ತಿದರೆ ಅದು ಹೇಳಿದಂತೆ ಬಾಗುತ್ತಿತ್ತು. ಇಕ್ಕಳ ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು.

ಬೀದರಿನ ಕಾಳಿನ ಪೇಟೆ ಗಾಂಧಿ ಗಂಜದ ಹಿಂದಿನ ಓಣಿಯಲ್ಲಿ ಕೂತು ಅವರು ಬಹಳ ವರ್ಷ ಇಲಿಬೋನು ಮಾಡಿದವರು. ತೊಗರಿ ಕಡಲೆಯ ಚೀಲಗಳಿದ್ದಲ್ಲೆಲ್ಲ ಇಲಿ, ಇಲಿಯಿದ್ದಲ್ಲೆಲ್ಲ ಅವರ ಬೋನು. ಎಲ್ಲರಿಗೂ ಅವರು ಬೋನಿನ ಚಾಚಾ. ಟೇಪು ಹಿಡಿದವರಲ್ಲ, ಹೆಬ್ಬೆರಳು, ಕಿರುಬೆರಳು ಚಾಚಿ ಗೇಣಿನಲ್ಲೇ ಅಳೆಯುತ್ತಿದ್ದರು. ಬೋನಿಗೆ ಒಂದೂವರೆ ಗೇಣು. ಪಕ್ಕದಲ್ಲಿ ಮೀನು, ಗಿಳಿ, ಮೊಲ ಮಾರುವ ಅಂಗಡಿ ಬಂದು, ಅಂಗಡಿಯವನು ಮೊಲಕ್ಕೂ ಗಿನಿಪಿಗ್‌ಗೂ ಪಂಜರ ಕೇಳಿದಾಗ ಅವರು ಅಳತೆಯನ್ನು ಇಮ್ಮಡಿ ಮಾಡಿದರು, ಅಷ್ಟೇ. ಮೂರು ಗೇಣು.

ಮಗಳಿಗೆಂದು ಬಿಳಿ ಮೊಲ ಕೊಂಡ ದಿನ ಪಂಜರವನ್ನು ಅವರೇ ಎತ್ತಿ ಕೊಟ್ಟರು. ‘ಇಷ್ಟು ಸಾಕೇನ್ರಿ?’ ಎಂದು ಕೇಳಿದೆ.

‘ಕೂತಲ್ಲೇ ಕೂಡೋ ಜಾತಿರಿ ಅಕ್ಕಾರ. ತಿಂತದ, ಕೂಡ್ತದ. ಇದಕ್ಕೇನು ಮೈದಾನ ಬೇಕೇನ್ರಿ?’

ಸ್ಕೂಟಿಯಲ್ಲಿ ಕಾಲಿಡುವ ಜಾಗಕ್ಕೆ ಪಂಜರ ಅಳತೆ ಮಾಡಿಸಿದಂತೆ ಕೂತಿತು. ಚಿದ್ರಿಯ ನಮ್ಮ ಮನೆ ತನಕ ಮಗಳು ಹಿಂದಿನಿಂದ ನನ್ನ ಹೆಗಲ ಮೇಲೆ ಬಗ್ಗಿ ಅದನ್ನೇ ನೋಡುತ್ತ ಬಂದಳು.

ಒಂದು ವರ್ಷವಾಗಿರಬೇಕು. ಮೊಲ ಹಿಂದಿನ ಕಾಲುಗಳನ್ನು ಎಳೆಯತೊಡಗಿತು. ದನದ ಆಸ್ಪತ್ರೆಯ ಡಾಕ್ಟರು ಅದರ ಬೆನ್ನು ಸವರಿ, ‘ಪಂಜರ ಎಷ್ಟುದ್ದ ಅದರಿ?’ ಎಂದರು. ನಾನು ಎರಡೂ ಕೈ ಅಗಲಿಸಿದೆ. ಆಮೇಲೆ ನಾಚಿಕೆಯಾಗಿ ಸ್ವಲ್ಪ ಹತ್ತಿರ ತಂದೆ. ‘ಓಡ್ಲಿಕ್ಕೆ ಬಿಡದೆ ಇಟ್ರ ಕಾಲು ಹ್ಯಾಂಗ ಉಳೀತಾವ್ರಿ?’ ಎಂದರು ಅವರು.

ಜಗಳ ಆಡಲೆಂದೇ ಮೊಲವನ್ನೂ ಮಗಳನ್ನೂ ಕರೆದುಕೊಂಡು ಗಂಜಕ್ಕೆ ಹೋದೆ. ಡಾಕ್ಟರು ಹೇಳಿದ್ದನ್ನು ಕೇಳಿದ ಚಾಚಾ ಪಕ್ಕದ ಖಾಲಿ ಗೋದಾಮಿನ ಬಾಗಿಲು ತೆರೆಸಿ, ಮೊಲವನ್ನು ನೆಲಕ್ಕೆ ಬಿಟ್ಟರು. ಇಷ್ಟಗಲ ನೆಲ. ಮೊಲ ಕಾಲೆಳೆಯುತ್ತ ಸ್ವಲ್ಪ ದೂರ ಹೋಗಿ ನಿಂತಿತು. ತಿರುಗಿತು. ಬಂದ ದಾರಿಯಲ್ಲೇ ವಾಪಸು ಬಂದಿತು. ಮತ್ತೆ ಹೋಯಿತು, ಅಲ್ಲೇ ತಿರುಗಿತು.

ಚಾಚಾ ಕುಕ್ಕುರುಗಾಲಲ್ಲಿ ಕೂತು ಬೇಳೆಯ ಧೂಳಿನ ಮೇಲೆ ಗೇಣು ಹಾಕಿದರು. ಒಂದು. ಎರಡು. ಮೂರು. ಅಷ್ಟೇ.

‘ಚಾಚಾ, ಅಲ್ಲಿ ಗೋಡಿ ಇಲ್ಲಲ್ಲ, ಯಾಕ ತಿರಗ್ತದ?’ ಮಗಳು ಕೇಳಿದಳು.

‘ಗೋಡಿ ಅದ ಬೇಟಾ. ನಾನೇ ಕಟ್ಟೀನಿ.’ ಆಮೇಲೆ ನನ್ನ ಕಡೆ ನೋಡದೆ ಹೇಳಿದರು: ‘ಬೋನು ಮಾಡೂ ಕೈರಿ ಇದು. ಒಳಗ ಹೋಗಿದ್ದು ಆರಾಮ ತಿರಗಬಾರದು, ಅದೇ ಬೋನಿಂದು ಕೆಲಸ. ಮೊಲಕ್ಕೂ ಬೋನೇ ಮಾಡೀನಿ. ಜರಾ ದೊಡ್ಡದು.’

ಇದನ್ನು ಬಹಳ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಇಲ್ಲಿ ಚಾಚಾನ ಕಣ್ಣಲ್ಲಿ ನೀರು ತರಿಸುತ್ತಿದ್ದೆ. ಬಂದಿರಲಿಲ್ಲ. ಬರಿಸಿದರೆ ತಪ್ಪು ಪೂರ್ತಿ ಅವರದಾಗುತ್ತಿತ್ತು. ಹೇಳದೆ ಬಿಟ್ಟಿದ್ದು ಇನ್ನೊಂದಿದೆ. ಮೊಲ ಕೊಂಡ ದಿನ ಅವರ ಹಿಂದೆ ಗೋಡೆಗೆ ಒಂದು ದೊಡ್ಡ ಪಂಜರ ಒರಗಿತ್ತು, ಆರು ಗೇಣಿನದು, ಯಾರೋ ಹೇಳಿ ಮಾಡಿಸಿ ಒಯ್ಯದೆ ಬಿಟ್ಟಿದ್ದು. ‘ಬೇಕಾದ್ರ ಅದು ಒಯ್ರಿ’ ಎಂದಿದ್ದರು. ‘ಸ್ಕೂಟಿ ಮ್ಯಾಲ ಹಿಡಿಯಂಗಿಲ್ರಿ ಚಾಚಾ’ ಎಂದವಳು ನಾನು. ಮೈದಾನ ಬೇಕೇನ್ರಿ ಎಂಬ ಅವರ ಮಾತು ಅದಕ್ಕೆ ಮುಂಚೆ ಬಂದದ್ದೋ, ನನ್ನ ಸಂಕೋಚ ಕಳೆಯಲೆಂದು ಆಮೇಲೆ ಬಂದದ್ದೋ, ಈಗ ಖಾತ್ರಿಯಿಲ್ಲ.

ಚಾಚಾ ಸಣ್ಣ ಪಂಜರ ಮಾಡುವುದನ್ನು ನಿಲ್ಲಿಸಿದರು. ಅಂಗಡಿಯವನಿಗೇನೂ ಕೊರತೆಯಾಗಲಿಲ್ಲ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಳದ ಪಂಜರಗಳು ಹೊರಗಿನಿಂದ ಬಂದವು, ಎರಡೂವರೆ ಗೇಣಿನವು. ‘ಚಾಚಾ, ನಿಮ್ಮ ಪಂಜರದಾಗ ಮೊಲ ಅಲ್ಲ, ನಾನೇ ಸಂಸಾರ ಮಾಡಬಹುದು ನೋಡ್ರಿ’ ಎಂದು ಅವನು ನಗುತ್ತಿದ್ದ.

‘ನೀ ಬ್ಯಾಡೋ. ನಿನಗ ಅದು ದೊಡ್ಡದಾಗ್ತದ’ ಎನ್ನುತ್ತಿದ್ದರು ಚಾಚಾ.

ಹೊಸದನ್ನು ತಡೆಯಲಾಗದೆ ಅವರು ಹಳೆಯದರ ಹಿಂದೆ ಬಿದ್ದರು. ತಾವು ಮಾಡಿದ ಪಂಜರ ಯಾವ ಊರಿಗೆ ಹೋಗಿದೆಯೆಂದು ನೆನಪು ಮಾಡಿಕೊಂಡು, ಅದನ್ನು ಹಿಗ್ಗಿಸಿಕೊಡಲು ತಂತಿ ಜಾಳಿಗೆಯ ಸುರುಳಿಯನ್ನು ಚೀಲದಲ್ಲಿಟ್ಟು ಬಸ್ಸು ಹತ್ತುತ್ತಿದ್ದರು. ಭಾಲ್ಕಿಯಲ್ಲಿ ಒಂದು ಮನೆಯವರು ಒಳಗೇ ಬಿಡಲಿಲ್ಲವಂತೆ: ‘ಚೆಂದ ಅದ, ಯಾಕ ಕೆಡಸ್ತೀರಿ? ಹೋಗ್ರಿ.’ ಇನ್ನೊಂದು ಮನೆಯಲ್ಲಿ ಎರಡು ಗಿನಿಪಿಗ್ ಇದ್ದವು. ಪಕ್ಕದ ಜಾಳಿಗೆ ಕಿತ್ತು ಮುಂದಕ್ಕೆ ಬೆಳೆಸಿಕೊಟ್ಟು ಬಂದರು. ಔರಾದಿನಿಂದ ಬಂದ ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು.

‘ಏನಾಯ್ತ್ರಿ ಚಾಚಾ?’

‘ಅಲ್ಲಿ ಮೊಲ ಸತ್ತು ಭಾಳ ದಿನಾ ಆಗ್ಯಾದಂತ. ಪಂಜರದಾಗ ಉಳ್ಳಾಗಡ್ಡಿ ತುಂಬ್ಯಾರ.’ ನೀರು ಕುಡಿದು ಲೋಟ ಕೆಳಗಿಟ್ಟರು. ‘ಉಳ್ಳಾಗಡ್ಡಿಗಿ ಬರೋಬ್ಬರಿ ಅದರಿ ಅದು.’

ನಮ್ಮ ಮೊಲಕ್ಕೆ ಮಾಳಿಗೆಯ ಗೋಡೆಗುಂಟ ಹದಿನೆಂಟು ಗೇಣಿನ ಜಾಳಿಗೆ ಓಣಿ ಕಟ್ಟಿಕೊಟ್ಟರು. ಮೊಲ ಮೂರಕ್ಕೇ ತಿರುಗಿತು. ಎಂಟು ದಿನ ಬೆಳಿಗ್ಗೆ ಬಂದು ನಾಲ್ಕನೆಯ ಗೇಣಿನಾಚೆ ಕೊತ್ತಂಬರಿ ಇಟ್ಟು, ಪಕ್ಕದಲ್ಲಿ ಕೂತು ಕಾದರು. ಮೊಲ ಬಂದು ಕತ್ತು ಚಾಚುತ್ತಿತ್ತು, ಸಿಗುತ್ತಿರಲಿಲ್ಲ. ನಾನು ಸೊಪ್ಪನ್ನು ಹತ್ತಿರ ಸರಿಸಲು ಹೋದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. ‘ಬ್ಯಾಡ್ರಿ. ಸನೇಕ ತಂದ್ರ ಗೋಡಿ ಸನೇಕ ತಂದಂಗ.’

ಒಂಬತ್ತನೆಯ ದಿನ ಬರಲಿಲ್ಲ. ಉಸಿರಿನ ತೊಂದರೆ ಎಂದು ತಿಳಿಯಿತು. ಹಳೆ ಊರಿನ ಅವರ ಮನೆಗೆ ಹೋದೆ. ಮನೆ ಇಕ್ಕಟ್ಟಾಗಿರುತ್ತದೆ ಎಂದುಕೊಂಡಿದ್ದೆ, ಹಾಗಿದ್ದರೆ ಹೇಳಲು ಚೆನ್ನಾಗಿರುತ್ತಿತ್ತು. ದೊಡ್ಡ ಅಂಗಳ, ಬೇವಿನ ಮರ, ಅದರ ನೆರಳಲ್ಲಿ ಅಗಲವಾದ ಮಂಚ.

‘ಮೊಲ ದಾಟ್ತದೇನ್ರಿ?’ ಎಂದರು, ನಾನು ಕೂರುವ ಮೊದಲೇ.

‘ದಾಟ್ತದರಿ ಚಾಚಾ.’

‘ಎಷ್ಟು?’ ಹೊದಿಕೆಯ ಮೇಲೆ ಅವರ ಗೇಣು ತೆರೆದುಕೊಂಡಿತು.

‘ನಾಕು.’

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ‘ಸುಳ್ಳು ಹೇಳ್ತಿ ಬೇಟಾ. ದಾಟಿದ ಮೊಲ ನಾಕಕ್ಕ ಯಾಕ ನಿಂದ್ರತದ? ಕಡೀ ತನಕ ಓಡೇ ಬಿಡ್ತದ.’

ಅದೇ ವಾರ ತೀರಿಕೊಂಡರು.

ಈಗ ಬೆಳಿಗ್ಗೆ ಕೊತ್ತಂಬರಿ ಇಡುವವಳು ನಾನು. ನಾಲ್ಕನೆಯ ಗೇಣಿನಾಚೆಯೇ ಇಡುತ್ತೇನೆ. ಮೊಲ ಮೂರಕ್ಕೆ ಬಂದು ನಿಂತು ಕತ್ತು ಚಾಚುತ್ತದೆ, ಮೂಗು ಅಲುಗುತ್ತದೆ. ಒಳಗೆ ಕೆಲಸ ಕಾದಿರುತ್ತದೆ, ಮಗಳಿಗೆ ಶಾಲೆಗೆ ಹೊತ್ತಾಗುತ್ತಿರುತ್ತದೆ. ಒಂದಷ್ಟು ಹೊತ್ತು ನೋಡುತ್ತೇನೆ. ಆಮೇಲೆ ಸೊಪ್ಪನ್ನು ಅದರ ಬಾಯಿಗೆ ಎಟುಕುವಷ್ಟು ಹತ್ತಿರ ಸರಿಸಿ ಎದ್ದುಬಿಡುತ್ತೇನೆ.