ಕತ್ತರಿ ಮೇಷ್ಟ್ರು

ವಿಕ್ಟೋರಿಯಾ ರಾಣಿಯ ಕಾಲದ ಆರುನೂರು ಪುಟದ ಕಾದಂಬರಿಯನ್ನು ಎರಡು ಗಂಟೆಯ ನಾಟಕ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಾಗಿನಿಂದ ಕತ್ತರಿ ಮೇಷ್ಟ್ರಿಗೆ ಊಟ ಸೇರುತ್ತಿಲ್ಲ. ಪಾತ್ರಗಳು ನಲವತ್ತು, ನಟರು ಏಳೇ ಜನ. ಒಂದೊಂದು ಪಾತ್ರ ಹೊಡೆದುಹಾಕುವಾಗಲೂ “ತಪ್ಪು ತಿಳ್ಕೋಬೇಡಿ ಸ್ವಾಮಿ” ಎಂದು ಪುಸ್ತಕಕ್ಕೆ ಕೈಮುಗಿಯುತ್ತಾರೆ. ಪಾದ್ರಿಯನ್ನು ತೆಗೆದರೆ ಮದುವೆ ಮಾಡಿಸುವವರಿಲ್ಲ, ವಕೀಲನನ್ನು ತೆಗೆದರೆ ಉಯಿಲು ಓದುವವರಿಲ್ಲ ಎಂದು ಬೆವರಿ, ಕೊನೆಗೆ ಪಾದ್ರಿಯ ಕೈಯಲ್ಲೇ ಉಯಿಲು ಓದಿಸುತ್ತಾರೆ. ನಾಯಕಿಯ ತಮ್ಮಂದಿರನ್ನೂ ಹಿಂದೆಮುಂದೆ ನೋಡದೆ ಕತ್ತರಿಸಿದವರು, ಅಗ್ಗಿಷ್ಟಿಕೆಯ ಪಕ್ಕ ಸುಮ್ಮನೆ ಹೊಲಿಯುತ್ತ ಕೂರುವ ಸೋದರತ್ತೆಯನ್ನು ಮಾತ್ರ ಮುಟ್ಟುವುದಿಲ್ಲ. “ಆಕೆಗೆ ಒಂದು ಮಾತೂ ಇಲ್ವಲ್ಲ ಮೇಷ್ಟ್ರೇ, ತೆಗೆದ್ರೂ ಯಾರಿಗೂ ಗೊತ್ತಾಗಲ್ಲ” ಎಂದು ನಿರ್ದೇಶಕರು ದಿನಾ ಗೊಣಗುತ್ತಾರೆ. “ಅದೇ ನಂಗೆ ಭಯ” ಎನ್ನುವ ಮೇಷ್ಟ್ರು, ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ, ತಮ್ಮನ್ನು ಸಾಕಿ ಬೆಳೆಸಿದ ಅಕ್ಕ ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದಾಳೆಯೇ ಎಂದು ಇಣುಕಿ ನೋಡುತ್ತಾರೆ.